ನಾಯಿಯ ಅಂಜಿಕೆ

ನಾಯಿಯನ್ನು ಕುರಿತು ಕನ್ನಡದಲ್ಲಿರುವ ಗಾದೆಗಳನ್ನೆಲ್ಲ ಒಂದೆಡೆ ಕೂಡಿಸಿದರೆ ಸಣ್ಣದೊಂದು ಪುಸ್ತಕವೇ ಆದೀತು. ಅದರ ಬಾಲ ಡೊಂಕೆಂದು ಹೇಳಿದ್ದೇವೆ. ಅದು ಬೊಗಳಿದರೆ ದೇವಲೋಕ ಹಾಳಾಗದೆಂದು ಹೇಳಿದ್ದೇವೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂದು ನಮಗೆ ನಾವೇ ಧೈರ್ಯ ಹೇಳಿಕೊಂಡಿದ್ದೇವೆ. ಬೈಯಬೇಕಾದಾಗ ಅದರ ಹೆಸರೇ ನಾಲಗೆಯ ತುದಿಗೆ ಬರುತ್ತದೆ. ಹೊಗಳಬೇಕಾದಾಗ ಅದರ ನಿಯತ್ತು ನೆನಪಾಗುತ್ತದೆ. ಆದರೆ ನಾಯಿಗೂ ಅಂಜಿಕೆಯುಂಟು, ಆ ಅಂಜಿಕೆಗೆ ತನ್ನದೇ ಆದ ಭಾಷೆಯೊಂದುಂಟು ಎಂಬುದನ್ನು ಹೇಳುವವರು ಕಡಮೆ. ಈ ಬರಹದ ವಿಷಯ ಅದೇ. ವಾರ್ಷಿಕ ಸಂಚಿಕೆಯಲ್ಲಿ ಕಾವ್ಯ, ಚರಿತ್ರೆ, ದೇಶದ ಅರ್ಥವ್ಯವಸ್ಥೆ ಮೊದಲಾದ ಘನವಾದ ವಿಷಯಗಳಿರುವಾಗ ನಾಯಿಯೇಕೆ ಬಂತೆಂದು ಗುರುಗಳೂ ಸಹಪಾಠಿಗಳೂ ನಗಬಹುದು. ನಕ್ಕರೂ ಚಿಂತೆಯಿಲ್ಲ, ಕಡೆಯವರೆಗೆ ಓದಬೇಕೆಂದು ಮಾತ್ರ ಬೇಡುತ್ತೇನೆ.

ಧೀರವಾದ ನಾಯಿಗೆ ಕನ್ನಡ ನಾಡು ಎಂದೋ ಮರ್ಯಾದೆ ಮಾಡಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. 950ರ ವೀರಗಲ್ಲನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದಾಗ ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರನು ಮೆರೆದನು. ಏನು ಬೇಕೆಂದು ಕೇಳಿದರೆ ಆತನು ಊರು, ಹೊನ್ನು ಕೇಳದೆ ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದನಂತೆ. ಆ ಕಾಳಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು, ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಇಂದು ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಧೈರ್ಯಕ್ಕೆ ಕಲ್ಲು ನಿಲ್ಲಿಸಿದ್ದು ಸರಿಯೇ. ಆದರೆ ನಾವು ದಿನವೂ ಬೀದಿಯಲ್ಲಿ ಕಾಣುವುದು ಕಾಳಿಯನ್ನಲ್ಲ; ಗೋಡೆಗೆ ಒತ್ತಿಕೊಂಡು, ಬಾಲ ಮುದುರಿ, ಓರೆಗಣ್ಣಿನಲ್ಲಿ ನಮ್ಮನ್ನು ನೋಡುತ್ತ ಸರಿದುಹೋಗುವ ನಾಯಿಯನ್ನು. ಅದಕ್ಕೆ ಸಿಕ್ಕುವುದೂ ಕಲ್ಲೇ. ನಿಲ್ಲಿಸಿದ ಕಲ್ಲಲ್ಲ, ಎಸೆದ ಕಲ್ಲು.

ಈ ವಿಷಯ ಈಗ ನಮ್ಮ ಅಂಗಳಕ್ಕೇ ಬಂದಿದೆ. ಶಾಲಾಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಆಟದ ಮೈದಾನಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದೂ, ಹಿಡಿದಲ್ಲಿಗೇ ಮರಳಿ ಬಿಡಬಾರದೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆಜ್ಞೆ ಮಾಡಿತು. ಅಂದಿನಿಂದ ನಮ್ಮ ಕಾಲೇಜಿನ ಬೇವಿನ ಮರದ ಕೆಳಗೆ ಎರಡು ಪಕ್ಷಗಳು ಹುಟ್ಟಿಕೊಂಡವು. ಎಲ್ಲವನ್ನೂ ಇಂದೇ ಓಡಿಸಬೇಕೆಂಬವರು ಒಂದು ಪಕ್ಷ. ಪಾಪದ ಮೂಕಪ್ರಾಣಿಗಳು, ಇದ್ದರೇನಂತೆ ಎಂಬವರು ಇನ್ನೊಂದು ಪಕ್ಷ. ಎರಡು ಪಕ್ಷದವರ ವಾದವನ್ನೂ ಕೇಳಿದ್ದೇನೆ. ವಾದ ನಡೆಯುತ್ತಿರುವಾಗ ಹತ್ತು ಮಾರು ದೂರದಲ್ಲಿ ಮಲಗಿರುವ ನಾಯಿಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ದ್ವೇಷವಾಗಲಿ ಕರುಣೆಯಾಗಲಿ ಅರಿವಿನ ಸ್ಥಾನವನ್ನು ತುಂಬಲಾರವು ಎಂಬುದು ನನ್ನ ಅಭಿಪ್ರಾಯ. ನಾಯಿಯ ಅಂಜಿಕೆಯನ್ನು ಓದಲು ಕಲಿತರೆ ಕಚ್ಚಿಸಿಕೊಳ್ಳುವ ಎಷ್ಟೋ ಸಂದರ್ಭಗಳು ತಪ್ಪುತ್ತವೆ. ಕಲಿಯದಿದ್ದರೆ ಕಲ್ಲು ಹೊಡೆಯುವವನಿಗೂ ಅಪ್ಪಿಕೊಳ್ಳಲು ಹೋಗುವವನಿಗೂ ಆಗುವ ಗತಿ ಒಂದೇ.

ಹಾಗಾದರೆ ಅಂಜಿದ ನಾಯಿಯನ್ನು ಗುರುತಿಸುವುದು ಹೇಗೆ? ಚಾರ್ಲ್ಸ್ ಡಾರ್ವಿನ್ನನು 1872ರಲ್ಲಿ ಮನುಷ್ಯನ ಮತ್ತು ಪ್ರಾಣಿಗಳ ಭಾವಪ್ರದರ್ಶನವನ್ನು ಕುರಿತು ಬರೆದ ಗ್ರಂಥದಲ್ಲಿ ನಾಯಿಗೆ ದೊಡ್ಡ ಸ್ಥಾನವನ್ನೇ ಕೊಟ್ಟನು. ಹಗೆಯ ಮೇಲೆ ಏರಿಹೋಗುವ ನಾಯಿ ನೆಟ್ಟಗೆ ನಿಲ್ಲುತ್ತದೆ, ಬಾಲವನ್ನು ಎತ್ತುತ್ತದೆ. ಒಲಿದು ಶರಣಾಗುವ ನಾಯಿ ಮೈಯನ್ನು ತಗ್ಗಿಸುತ್ತದೆ. ಒಂದು ಭಾವದ ನಿಲುವು ಇನ್ನೊಂದಕ್ಕೆ ನೇರ ವಿರುದ್ಧ ಎಂದು ಆತನು ತೋರಿಸಿದನು. ನಮ್ಮ ಅಪ್ಪ ಡಾರ್ವಿನ್ನನ ಹೆಸರನ್ನು ಕೇಳಿದವರಲ್ಲ. ಜಗಳೂರು ಸೀಮೆಯ ಬಯಲಿನಲ್ಲಿ ಕುರಿ ಕಾಯ್ದವರು. ಸಹಿ ಮಾಡಲು ಬಲ್ಲರು, ಅಷ್ಟೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದರೂ ಯಾವ ನಾಯಿ ರೊಪ್ಪದ ಬಾಗಿಲಿಗೆ ತಕ್ಕದ್ದು, ಯಾವ ನಾಯಿಯ ಹತ್ತಿರ ಮಕ್ಕಳನ್ನು ಬಿಡಬಾರದು ಎಂಬುದನ್ನು ಅವರು ದೂರದಿಂದಲೇ ಹೇಳುತ್ತಾರೆ. “ಬಾಯಿ ನೋಡಬ್ಯಾಡ, ಬಾಲ ನೋಡು, ಕಣ್ಣು ನೋಡು” ಎಂಬುದು ಅವರ ಪಾಠ. ಪುಸ್ತಕವೂ ಹೇಳುವುದು ಅದನ್ನೇ.

ಅಂಜಿದ ನಾಯಿಯ ಬಾಲ ಹಿಂಗಾಲುಗಳ ನಡುವೆ ಸೇರುತ್ತದೆ. ಕಿವಿಗಳು ಹಿಂದಕ್ಕೆ ಮಡಿದು ತಲೆಗೆ ಅಂಟಿಕೊಳ್ಳುತ್ತವೆ. ಬೆನ್ನು ಬಾಗಿ ಮೈ ನೆಲಕ್ಕೆ ಇಳಿಯುತ್ತದೆ. ಮುಖವನ್ನು ಆಚೆ ತಿರುಗಿಸಿದರೂ ಕಣ್ಣು ಮಾತ್ರ ನಮ್ಮ ಮೇಲೆಯೇ ಇರುವುದರಿಂದ ಕಣ್ಣಿನ ಬಿಳುಪು ಕಾಣುತ್ತದೆ. ಇವೆಲ್ಲ ಎಲ್ಲರಿಗೂ ತಿಳಿಯುವ ಗುರುತುಗಳು. ಇನ್ನು ಕೆಲವು ಸೂಕ್ಷ್ಮವಾದವು. ತಿನ್ನಲು ಏನೂ ಇಲ್ಲದಾಗ ಮತ್ತೆಮತ್ತೆ ತುಟಿ ಸವರಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಬಿಸಿಲಿಲ್ಲದೆ ತೇಗುವುದು, ಮುಂಗಾಲೊಂದನ್ನು ಎತ್ತಿ ಹಿಡಿಯುವುದು, ಹಸಿದಿದ್ದರೂ ಮುಂದೆ ಹಾಕಿದ ರೊಟ್ಟಿಯನ್ನು ಮುಟ್ಟದಿರುವುದು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಅದು ಸಂತೋಷವೆಂದು ತಿಳಿಯಬಾರದು. ಇಳಿಬಿದ್ದ ಬಾಲದ ತುದಿ ಮಾತ್ರ ಬೇಗಬೇಗನೆ ಆಡುತ್ತಿದ್ದರೆ ಅದು ಕಳವಳದ ಗುರುತಾಗಿರಬಹುದು. ಒಂದೇ ಗುರುತನ್ನು ಹಿಡಿದು ತೀರ್ಮಾನಿಸದೆ ಇಡೀ ಮೈಯನ್ನೂ ಸನ್ನಿವೇಶವನ್ನೂ ಕೂಡಿಸಿ ಓದಬೇಕು. ಶಬ್ದಾರ್ಥ ತಿಳಿದರೆ ಸಾಲದು, ಅನ್ವಯ ತಿಳಿಯಬೇಕೆಂದು ನಮ್ಮ ಕನ್ನಡ ಗುರುಗಳು ಪದ್ಯಕ್ಕೆ ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ.

ಅಂಜಿಕೆ ಬಂದ ಪ್ರಾಣಿಯ ಮುಂದೆ ಇರುವ ದಾರಿಗಳು ಕೆಲವೇ: ಓಡುವುದು, ಅಲುಗಾಡದೆ ಮರಗಟ್ಟಿ ನಿಲ್ಲುವುದು, ಇಲ್ಲವೆ ಎದುರು ಬೀಳುವುದು. ಓಡಲು ಎಡೆಯಿದ್ದರೆ ಹೆಚ್ಚಿನ ನಾಯಿಗಳು ಓಡುತ್ತವೆ. ಹಗ್ಗದಲ್ಲಿ ಕಟ್ಟಿದ್ದರೆ, ಮೂಲೆಗೆ ಒತ್ತರಿಸಿದ್ದರೆ, ಹಿಂದೆ ಮರಿಗಳಿದ್ದರೆ ಓಡುವ ದಾರಿ ಮುಚ್ಚಿತು, ಉಳಿದದ್ದು ಹಲ್ಲು. ಇಲ್ಲಿ ನಮ್ಮ ಗಾದೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬುದು ಮನುಷ್ಯರ ವಿಷಯದಲ್ಲಿ ನಿಜವಿರಬಹುದು. ನಾಯಿಯ ವಿಷಯದಲ್ಲಿ ಅದನ್ನು ನಂಬಿ ಕೈ ಚಾಚಬಾರದು. ಬೊಗಳುವುದು, ಗುರುಗುಟ್ಟುವುದು ಎಂದರೆ ‘ಇನ್ನು ಹತ್ತಿರ ಬರಬೇಡ’ ಎಂಬ ನೋಟೀಸು. ಗುರುಗುಟ್ಟಿತೆಂದು ಹೊಡೆಯುವ ಯಜಮಾನನು ನೋಟೀಸನ್ನು ಹರಿದುಹಾಕುತ್ತಾನೆಯೇ ಹೊರತು ವ್ಯಾಜ್ಯವನ್ನು ತೀರಿಸುವುದಿಲ್ಲ. ಅಂಥ ನಾಯಿ ಮುಂದೊಂದು ದಿನ ಸದ್ದಿಲ್ಲದೆ ಕಚ್ಚಬಹುದು. ಆಗ ಎಲ್ಲರೂ ‘ಏಕಾಏಕಿ ಕಚ್ಚಿತು’ ಎನ್ನುತ್ತಾರೆ.

ಈ ಅಂಜಿಕೆ ಎಲ್ಲಿಂದ ಬರುತ್ತದೆ? ಹುಟ್ಟಿನಿಂದ ಸ್ವಲ್ಪ, ಬೆಳೆದ ರೀತಿಯಿಂದ ಬಹಳ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವು ಅದರ ಬಾಳಿನಲ್ಲಿ ಮುಖ್ಯವಾದುದೆಂದೂ, ಯಾರು ತನ್ನವರು, ಯಾವುದಕ್ಕೆ ಅಂಜಬೇಕಿಲ್ಲ ಎಂಬುದನ್ನು ಅದು ಆಗಲೇ ಕಲಿಯುತ್ತದೆಂದೂ ಅವರು ಕಂಡುಕೊಂಡರು. ಅಲ್ಲಿಯೇ ನಡೆದು 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಗವಿಲ್ಲದೆ ಹದಿನಾಲ್ಕು ವಾರ ಬೆಳೆದ ಮರಿಗಳು ಕಾಡುಪ್ರಾಣಿಗಳಂತಾಗಿ, ಆಮೇಲೆ ಎಷ್ಟು ಒಲಿಸಿದರೂ ಮೊದಲೇ ಮನುಷ್ಯನ ಕೈ ಕಂಡ ಮರಿಗಳಂತೆ ಪಳಗಲಿಲ್ಲ. ನಮ್ಮ ರೊಪ್ಪಗಳಲ್ಲಿ ಈ ತತ್ತ್ವ ಹೆಸರಿಲ್ಲದೆ ನಡೆದುಬಂದಿದೆ. ಕುರಿ ಕಾಯಬೇಕಾದ ಕುನ್ನಿಯನ್ನು ಕಣ್ಣು ಬಿಟ್ಟ ಹೊಸತರಲ್ಲಿಯೇ ಕುರಿಮರಿಗಳ ಜೊತೆಯಲ್ಲಿ ಬಿಡುತ್ತಾರೆ, ಮನೆಯ ಮಕ್ಕಳು ಎತ್ತಿಕೊಂಡು ತಿರುಗುತ್ತಾರೆ. ಅದಕ್ಕೆ ಕುರಿಯೂ ಹೊಸತಲ್ಲ, ಮಗುವೂ ಹೊಸತಲ್ಲ. ಚರಂಡಿಯ ಮೋರಿಯೊಳಗೆ ಹುಟ್ಟಿ, ಮೂರು ತಿಂಗಳವರೆಗೆ ಮನುಷ್ಯನಿಂದ ಒದೆಯನ್ನು ಬಿಟ್ಟು ಬೇರೇನೂ ಕಾಣದ ಮರಿಗೆ ನಾವು ಹೇಗೆ ಕಾಣಬೇಕು?

ಬೆಳೆದ ನಾಯಿಗೂ ಒಂದೇ ಘಟನೆಯಿಂದ ಮಾಯದ ಅಂಜಿಕೆ ಹತ್ತಬಹುದು. 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲಫನ ನಾಯಿಗಳ ಕಥೆಯನ್ನು ಮನಶ್ಶಾಸ್ತ್ರ ಓದುವವರೆಲ್ಲ ಬಲ್ಲರು. ಗಂಟೆಯ ಕಥೆಯಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯಿದೆ. 1924ರಲ್ಲಿ ಲೆನಿನ್‌ಗ್ರಾಡಿಗೆ ಮಹಾಪೂರ ಬಂದು ಪ್ರಯೋಗಶಾಲೆಯ ನಾಯಿಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಈಜಿಸಿ ಪಾರುಮಾಡಬೇಕಾಯಿತು. ಜೀವವೇನೋ ಉಳಿಯಿತು, ಆದರೆ ಕೆಲವು ನಾಯಿಗಳು ಅದುವರೆಗೆ ಕಲಿತುದನ್ನೆಲ್ಲ ಮರೆತವು. ಚೇತರಿಸಿಕೊಂಡ ಒಂದು ನಾಯಿಯ ಕೋಣೆಗೆ ಬಾಗಿಲ ಸಂದಿನಿಂದ ಸ್ವಲ್ಪವೇ ನೀರು ಹರಿಯಬಿಟ್ಟಾಗ ಹಳೆಯ ದಿಗಿಲೆಲ್ಲ ಮರಳಿ ಬಂತು. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹೊನ್ನಾಳಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿದುದನ್ನು ನೋಡಿದವರಿಗೆ ಈ ಸಂಗತಿಯನ್ನು ನಂಬುವುದು ಕಷ್ಟವಲ್ಲ.

ನೀರಿನಷ್ಟೇ ಸದ್ದೂ ಕಾರಣ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ಶಬ್ದದವರೆಗೆ ಕೇಳಿಸಿದರೆ, ನಾಯಿಗೆ ಸುಮಾರು 45,000 ಕಂಪನಗಳವರೆಗೆ ಕೇಳಿಸುತ್ತದೆ. ನಮಗೆ ಕೇಳಿಸದಷ್ಟು ಮೆಲ್ಲನೆಯ ಸದ್ದೂ ಅದಕ್ಕೆ ಕೇಳಿಸುತ್ತದೆ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಮಂಗಗಳನ್ನು ಬೆದರಿಸಲು ಪಟಾಕಿ. ಮೆಕ್ಕೆಜೋಳದ ಹೊಲಗಳಲ್ಲಿ ಇರುಳಿಡೀ ಹಂದಿ ಓಡಿಸಲು ಪಟಾಕಿ. ದೀಪಾವಳಿ ಬಂದರೆ ಊರಿಡೀ ಪಟಾಕಿ. ಆಮೇಲೆ ಹೊನ್ನಾಳಿ, ನ್ಯಾಮತಿಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ, ಅಲ್ಲಿಯೂ ಸಿಡಿಮದ್ದು, ಜನರ ಕೇಕೆ. ಬೆಳೆಯನ್ನು ಕಾಯಬೇಡವೆಂದಾಗಲಿ, ಹಬ್ಬ ಬೇಡವೆಂದಾಗಲಿ ನಾನು ಹೇಳುತ್ತಿಲ್ಲ. ಆದರೆ ಆ ದಿನಗಳಲ್ಲಿ ದಿಕ್ಕುತಪ್ಪಿ ಓಡುವ, ಹಗ್ಗ ಹರಿದುಕೊಳ್ಳುವ, ಕಂಡವರ ಮೇಲೆ ಗುರುಗುಟ್ಟುವ ನಾಯಿಯನ್ನು ‘ಹುಚ್ಚು ಹಿಡಿಯಿತು’ ಎಂದು ಬಡಿಗೆ ಹಿಡಿದು ಅಟ್ಟಿಸಿಕೊಂಡು ಹೋಗುವ ಮೊದಲು ಅದರ ಕಿವಿಯನ್ನು ನೆನೆಯಬೇಕು. ಮನೆಯ ನಾಯಿಯನ್ನು ಆ ಇರುಳು ಒಳಗಿನ ಕತ್ತಲ ಮೂಲೆಯಲ್ಲಿ ಕೂಡಿಸಿಕೊಳ್ಳುವುದಕ್ಕೆ ದುಡ್ಡೇನೂ ಬೇಕಿಲ್ಲ.

ಈಗ ಕಲ್ಲಿನ ವಿಷಯ. ನಾವು ಬೀದಿಯಲ್ಲಿ ಸುಮ್ಮನೆ ಬಗ್ಗಿದರೂ ಸಾಕು, ನಾಯಿ ಓಡುತ್ತದೆ. ಇದನ್ನು ನಾವೆಲ್ಲ ಒಂದು ಉಪಾಯವೆಂದು ತಿಳಿದಿದ್ದೇವೆ. ನನ್ನ ದೃಷ್ಟಿಯಲ್ಲಿ ಇದು ತಲೆಮಾರುಗಳಿಂದ ನಾವು ನಾಯಿಗಳಿಗೆ ನಡೆಸಿದ ಪಾಠಶಾಲೆಯ ಫಲಿತಾಂಶ. ಬಗ್ಗಿದ ಮನುಷ್ಯನೆಂದರೆ ಕಲ್ಲು ಎಂದು ಅವಕ್ಕೆ ಕಲಿಸಿದ್ದೇವೆ. ಪಾಠ ಕಲಿತ ನಾಯಿಗೆ ಕಲ್ಲು ಎತ್ತಿಕೊಳ್ಳಲು ಬಗ್ಗಿದವನು ಯಾರು, ಕಳಚಿದ ಚಪ್ಪಲಿಯನ್ನೋ ಬಿದ್ದ ಪುಸ್ತಕವನ್ನೋ ಎತ್ತಿಕೊಳ್ಳಲು ಬಗ್ಗಿದ ಮಗು ಯಾವುದು ಎಂಬ ಭೇದ ತಿಳಿಯುವುದು ಹೇಗೆ? ಎಡೆಯಿದ್ದರೆ ಓಡುತ್ತದೆ, ಎಡೆಯಿಲ್ಲದ ಸಂದಿಯಲ್ಲಿ ಎದುರು ಬೀಳುತ್ತದೆ. ಕಲ್ಲು ಎಸೆದವನು ದೊಡ್ಡವನು. ಕಚ್ಚಿಸಿಕೊಂಡದ್ದು ಶಾಲೆಗೆ ಹೊರಟ ಹುಡುಗಿ. ‘ದಂಡಂ ದಶಗುಣಂ’ ಎಂಬ ನೀತಿಯ ಲೆಕ್ಕ ಹೀಗೆ ಬೇರೆಯವರ ಹೆಸರಿಗೆ ಬರೆದುಬರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಮನುಷ್ಯನ ಅಂಜಿಕೆಯನ್ನು ಹಗುರವಾಗಿ ಕಾಣುತ್ತೇನೆಂದು ಯಾರೂ ತಿಳಿಯಬಾರದು. ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸಿಗೆ ಓಡುವ ಹಳ್ಳಿಯ ವಿದ್ಯಾರ್ಥಿಗೆ ಊರ ಬಾಗಿಲಲ್ಲಿ ನಿಂತ ಆರು ನಾಯಿಗಳು ಏನೆಂಬುದು ಗೊತ್ತು. ಮನುಷ್ಯರಿಗೆ ತಗಲುವ ರೇಬೀಸ್ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ವಿರಳ. 1885ರಲ್ಲಿಯೇ ಲೂಯಿ ಪಾಶ್ಚರನು ಲಸಿಕೆಯ ದಾರಿ ತೋರಿಸಿದ್ದರೂ ಇಂದಿಗೂ ಬಡವರ ಮಕ್ಕಳು ಈ ರೋಗದಿಂದ ಸಾಯುತ್ತಿರುವುದು ನಾಗರಿಕತೆಗೆ ಕಳಂಕ. ಆದುದರಿಂದ ಅಂಜಿದ ನಾಯಿಯೋ ರೋಗದ ನಾಯಿಯೋ ಎಂದು ತೂಗಿನೋಡುವ ಕೆಲಸ ಕಚ್ಚಿಸಿಕೊಂಡವನದಲ್ಲ. ರೋಗ ಹತ್ತಿದ ನಾಯಿಯೂ ಮೊದಮೊದಲು ಮಂಕಾಗಿ, ಅಂಜುಬುರುಕಿಯಂತೆ ಕಾಣಬಹುದು. ಯಾವ ನಾಯಿ ಕಚ್ಚಿದರೂ, ತರಚಿದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟು ಚುಚ್ಚುಮದ್ದನ್ನೂ ತಪ್ಪದೆ ಮುಗಿಸಬೇಕು. ಸುಣ್ಣ, ಮೆಣಸಿನಪುಡಿ ಹಚ್ಚುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಕಾಲ ಕಳೆಯಬಾರದು. ಕೂಲಿ ತಪ್ಪುತ್ತದೆಂದು ಎರಡನೆಯ ಮೂರನೆಯ ಸೂಜಿಗೆ ಹೋಗದೆ ಬಿಡುವ ಮನೆಗಳು ನಮ್ಮ ಹಳ್ಳಿಗಳಲ್ಲಿವೆ. ಅಂಥ ಮನೆಗೆ ಹೋಗಿ ಒಂದು ಮಾತು ಹೇಳುವುದು ಓದಿದವನ ಕರ್ತವ್ಯ.

ಕರುಣೆಯ ಪಕ್ಷದವರಿಗೂ ಒಂದು ಮಾತು. ಅಂಜಿದ ನಾಯಿಯ ಮೇಲೆ ಬಾಗಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ತಲೆಯ ಮೇಲೆ ಕೈಯಿಡುವುದು ನಮ್ಮ ಭಾಷೆಯಲ್ಲಿ ಪ್ರೀತಿ. ಅದರ ಭಾಷೆಯಲ್ಲಿ ಬೆದರಿಕೆ. ನಿಜವಾದ ಕರುಣೆಯೆಂದರೆ ಅದನ್ನು ಅದರ ಪಾಡಿಗೆ ಬಿಡುವುದು, ಓಡಿಹೋಗಲು ದಾರಿ ಬಿಡುವುದು. ಮಕ್ಕಳು ಓಡಾಡುವ ಬಾಗಿಲಲ್ಲಿಯೇ ಅನ್ನ ಚೆಲ್ಲಿ ಪುಣ್ಯ ಕಟ್ಟಿಕೊಳ್ಳುವುದೂ ಸರಿಯಲ್ಲ. ತಿನ್ನುವ ನಾಯಿ ತನ್ನ ತುತ್ತಿಗಾಗಿ ಅಂಜುತ್ತದೆ, ಅಂಜಿ ಎಗರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಎದುರಾದ ನಾಯಿಯ ಮುಂದೆ ಓಡಬಾರದು, ಕೂಗಬಾರದು, ಕಣ್ಣಿಟ್ಟು ದಿಟ್ಟಿಸಬಾರದು. ಕೈಗಳನ್ನು ಇಳಿಬಿಟ್ಟು, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಮರದಂತೆ ನಿಂತು, ಅದು ಸುಮ್ಮನಾದ ಮೇಲೆ ಮೆಲ್ಲನೆ ಸರಿಯಬೇಕು. ತಿನ್ನುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಇದನ್ನು ಕಲಿಸಲು ಒಂದು ಗಂಟೆ ಸಾಕು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಊರ ಪ್ರಾಥಮಿಕ ಶಾಲೆಯಲ್ಲಿ ಈ ಒಂದು ಗಂಟೆಯ ಪಾಠವನ್ನೂ ಇಟ್ಟುಕೊಳ್ಳಬಾರದೆ? ಪಶು ಆಸ್ಪತ್ರೆಯ ವೈದ್ಯರನ್ನು ಕರೆದರೆ ಬಾರದಿರುವರೆ? ಹಾಸ್ಟೆಲಿನ ಎಂಜಲನ್ನು ಬಯಲಿಗೆ ಸುರಿಯದೆ ಗುಂಡಿಗೆ ಹಾಕಿ ಮುಚ್ಚಬಾರದೆ? ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಆ ಕೆಲಸ ಆಗುತ್ತಿದೆಯೇ ಎಂದು ಕೇಳುವ ಹಕ್ಕು ನಮಗುಂಟು. ನ್ಯಾಯಾಲಯದ ಆಜ್ಞೆಯನ್ನು ನಡೆಸುವಾಗಲೂ, ಬಡಿಗೆ ಹಿಡಿದು ಗುಂಪಾಗಿ ಅಟ್ಟಿದರೆ ಒಂದು ನಾಯಿ ಸಿಕ್ಕೀತು, ಹತ್ತು ನಾಯಿಗಳು ಇನ್ನೆಂದೂ ಕೈಗೆ ಸಿಕ್ಕದಂತೆ ಬೆದರಿಹೋದಾವು. ಬಲ್ಲವರ ಕೈಯಲ್ಲಿ, ಸದ್ದಿಲ್ಲದೆ ಆಗಬೇಕಾದ ಕೆಲಸವದು.

ಕೊನೆಯದಾಗಿ, ಈ ವಿಷಯ ನನ್ನನ್ನು ಇಷ್ಟು ಹಿಡಿದುಕೊಳ್ಳಲು ಕಾರಣವಾದ ಒಂದು ಸಂಗತಿಯನ್ನು ಹೇಳಬೇಕು. ಸೆಲಿಗ್‌ಮನ್ ಮತ್ತು ಮೇಯರ್ ಎಂಬ ಅಮೆರಿಕದ ವಿದ್ವಾಂಸರು 1967ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಪ್ಪಿಸಿಕೊಳ್ಳಲು ಯಾವ ಉಪಾಯವೂ ಇಲ್ಲದಂತೆ ವಿದ್ಯುತ್ತಿನ ಪೆಟ್ಟು ತಿಂದ ನಾಯಿಗಳನ್ನು ಆಮೇಲೆ ಸುಲಭವಾಗಿ ಹಾರಿ ಪಾರಾಗಬಹುದಾದ ಪೆಟ್ಟಿಗೆಯಲ್ಲಿಟ್ಟರೆ, ಅವುಗಳಲ್ಲಿ ಬಹಳಷ್ಟು ಹಾರಲೇ ಇಲ್ಲ. ಮಲಗಿ ಪೆಟ್ಟು ತಿಂದವು. ಪ್ರಯೋಗ ಕ್ರೂರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ತಿಳಿಸಿದ ಸತ್ಯ ದೊಡ್ಡದು. ಸುಮ್ಮನೆ ಬಿದ್ದಿರುವುದೆಲ್ಲ ಶಾಂತಿಯಲ್ಲ. ಕಚೇರಿಯ ಕಿಟಕಿಯ ಮುಂದೆ ಕೈಕಟ್ಟಿ ನಿಂತು, “ನಾಳೆ ಬಾ” ಎಂದರೆ ಹತ್ತು ಸಲವೂ ಮಾತಾಡದೆ ಹಿಂದಿರುಗುವ ನಮ್ಮ ಹಿರಿಯರನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ತರಗತಿಯ ಹಿಂದಿನ ಬೆಂಚಿನಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ತೆರೆಯದ, ಹಳ್ಳಿಯಿಂದ ಬಂದ ಹುಡುಗ ಹುಡುಗಿಯರನ್ನು ದಿನವೂ ನೋಡುತ್ತೇನೆ. ಅವರನ್ನು ಜನ ‘ಮೊದ್ದು’ ಎನ್ನುತ್ತಾರೆ, ‘ಮೊಂಡು’ ಎನ್ನುತ್ತಾರೆ. ಅಂಜಿಕೆಗೆ ಅಂಜಿಕೆಯೆಂದು ಹೆಸರಿಡುವವರು ವಿರಳ. ಮನುಷ್ಯರನ್ನು ನಾಯಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಎದುರಿನ ಜೀವದ ಅಂಜಿಕೆಯನ್ನು ಓದಲಾರದ ಕಣ್ಣು ಬೀದಿಯಲ್ಲಿಯೂ ಕುರುಡೇ, ಕಚೇರಿಯಲ್ಲಿಯೂ ಕುರುಡೇ, ತರಗತಿಯಲ್ಲಿಯೂ ಕುರುಡೇ ಎಂಬುದಷ್ಟೇ ನನ್ನ ಮಾತು.

ಸಹಪಾಠಿಗಳೇ, ನಮ್ಮಲ್ಲಿ ಹಲವರು ನಾಳೆ ಶಿಕ್ಷಕರಾಗುತ್ತೇವೆ, ಗುಮಾಸ್ತರಾಗುತ್ತೇವೆ, ಪಂಚಾಯಿತಿಯ ಅಧಿಕಾರಿಗಳಾಗುತ್ತೇವೆ. ನಮ್ಮ ಮುಂದೆ ಬಾಯಿಲ್ಲದವರು ಬಂದು ನಿಲ್ಲುತ್ತಾರೆ. ಬಾಯಿಲ್ಲದ ಪ್ರಾಣಿಯೊಂದರ ಬಾಲವನ್ನೂ ಕಿವಿಯನ್ನೂ ಕಣ್ಣನ್ನೂ ಓದಲು ಕಲಿಯುವುದು ಆ ಕೆಲಸಕ್ಕೆ ಒಳ್ಳೆಯ ಅಕ್ಷರಾಭ್ಯಾಸ. ಅದಕ್ಕೆ ಶುಲ್ಕವಿಲ್ಲ, ಪಠ್ಯಪುಸ್ತಕವಿಲ್ಲ. ಕೈಯಲ್ಲಿರುವ ಕಲ್ಲನ್ನು ಕೆಳಗೆ ಹಾಕಿ ಎರಡು ಗಳಿಗೆ ಸುಮ್ಮನೆ ನಿಂತು ನೋಡುವ ತಾಳ್ಮೆ ಬೇಕು, ಅಷ್ಟೆ.